ನಿಮಗಿದು ಗೊತ್ತೇ? ಹದಿನಾರರಲ್ಲಿ ಆರಿಸಿದ ವಿಷಯ, ಹದಿನೆಂಟರಲ್ಲಿ ಸೇರುವ ದೇಶ

ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ 1924ರಲ್ಲಿ ಒಂದು ಶಾಲೆ ಶುರುವಾಯಿತು. ಲೀಗ್ ಆಫ್ ನೇಷನ್ಸ್ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕೆಲಸಕ್ಕೆ ನಾನಾ ದೇಶಗಳಿಂದ ಬಂದವರ ಮಕ್ಕಳು ಅಲ್ಲಿ ಕಲಿಯಬೇಕಿತ್ತು. ಇಂದಿಗೂ ನಡೆಯುತ್ತಿರುವ ಅಂತಾರಾಷ್ಟ್ರೀಯ ಶಾಲೆಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಅದು ಸೇರುತ್ತದೆ. ಅದೇ ವರ್ಷ ಜಪಾನಿನ ಯೊಕೊಹಾಮಾದಲ್ಲೂ ಒಂದು ಹುಟ್ಟಿತು.

ಇಂಥ ಶಾಲೆಗಳಿಗೆ ಮೊದಲಿನಿಂದ ಒಂದೇ ತಲೆನೋವು. ಒಂದೇ ಬೆಂಚಿನ ಮಕ್ಕಳಲ್ಲಿ ಒಬ್ಬ ಫ್ರಾನ್ಸಿಗೆ ಹೋಗುವವನು, ಒಬ್ಬಳು ಇಂಗ್ಲೆಂಡಿಗೆ, ಇನ್ನೊಬ್ಬ ಅಮೆರಿಕಕ್ಕೆ. ಪ್ರತಿ ದೇಶದ ವಿಶ್ವವಿದ್ಯಾಲಯವೂ ತನ್ನದೇ ಪರೀಕ್ಷೆ ಕೇಳುತ್ತಿತ್ತು. ಶಾಲೆಯ ಕೊನೆಯ ವರ್ಷಗಳಲ್ಲಿ ತರಗತಿ ಒಡೆದು ನಾಲ್ಕು ಪಾಲಾಗುತ್ತಿತ್ತು. ಎಲ್ಲ ದೇಶಗಳೂ ಒಪ್ಪುವ ಒಂದೇ ಪರೀಕ್ಷೆ ಬೇಕೆಂದು ಮೇಷ್ಟ್ರುಗಳು ಹಟ ಹಿಡಿದು ಕಟ್ಟಿದ್ದೇ ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್. ಸ್ಥಾಪನೆಯಾದದ್ದು 1968ರಲ್ಲಿ, ಜಿನೀವಾದಲ್ಲೇ. ಮಕ್ಕಳು ಯಾವ ದೇಶದಲ್ಲಿ ಮುಂದೆ ಓದಬೇಕು ಎಂಬ ಪ್ರಶ್ನೆಗೆ ಉತ್ತರವಾಗಿಯೇ ಈ ಪಠ್ಯ ಹುಟ್ಟಿತು ಎಂಬುದು ಅದನ್ನು ಓದಿಸುತ್ತಿರುವ ಎಷ್ಟೋ ಪೋಷಕರಿಗೆ ತಿಳಿದಿಲ್ಲ.

ಐಬಿ ಡಿಪ್ಲೊಮಾದ ಪೂರ್ಣ ಅಂಕ 45. ಆರು ವಿಷಯ, ಪ್ರತಿಯೊಂದಕ್ಕೂ 7. ಅಲ್ಲಿಗೆ 42. ಉಳಿದ 3 ಅಂಕ 4000 ಪದಗಳ ಒಂದು ಸಂಶೋಧನಾ ಪ್ರಬಂಧಕ್ಕೆ ಹಾಗೂ ‘ಜ್ಞಾನ ಅಂದರೇನು, ನಮಗೆ ತಿಳಿದದ್ದು ನಿಜವೆಂದು ಹೇಗೆ ಗೊತ್ತು’ ಎಂದು ಚರ್ಚಿಸುವ ಪಾಠಕ್ಕೆ. ಪಾಸಾಗಲು ಕನಿಷ್ಠ 24 ಅಂಕ ಬೇಕು, ಜೊತೆಗೆ ಬೇರೆ ಷರತ್ತುಗಳೂ ಉಂಟು.

ಭಾರತದಲ್ಲಿ ಮೊದಲು ಐಬಿ ತಂದದ್ದು ಮುಂಬೈಯೂ ಅಲ್ಲ, ದೆಹಲಿಯೂ ಅಲ್ಲ. ಅಮೆರಿಕದ ಮಿಷನರಿಗಳು 1901ರಲ್ಲಿ ತಮ್ಮ ಮಕ್ಕಳಿಗಾಗಿ ತೆರೆದ ಕೊಡೈಕೆನಾಲ್ ಶಾಲೆ 1976ರಲ್ಲಿ ಅದನ್ನು ಆರಂಭಿಸಿತು. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಐಬಿಯನ್ನು ಹನ್ನೆರಡನೇ ತರಗತಿಗೆ ಸಮಾನವೆಂದು ಒಪ್ಪಿದ್ದು 1983ರಲ್ಲಿ. ಹಾಗಾಗಿ ಐಬಿ ಓದಿದರೆ ಇಲ್ಲಿನ ಕಾಲೇಜಿನ ಬಾಗಿಲು ಮುಚ್ಚಿತು ಎಂಬ ಮಾತು ಸುಳ್ಳು.

ಕೋಟೆಯೊಳಗಿನ ಕಾಲೇಜು

ವೇಲ್ಸ್‌ನ ಕಡಲ ದಂಡೆಯಲ್ಲಿ ಸೇಂಟ್ ಡೊನಾಟ್ಸ್ ಎಂಬ ಹಳೆಯ ಕೋಟೆಯಿದೆ. ನಾಜಿಗಳಿಂದ ತಪ್ಪಿಸಿಕೊಂಡು ಬ್ರಿಟನ್ನಿಗೆ ಬಂದ ಶಿಕ್ಷಣತಜ್ಞ ಕುರ್ಟ್ ಹಾನ್ ಅವರ ಕನಸಿನಂತೆ 1962ರಲ್ಲಿ ಅಲ್ಲಿ ಅಟ್ಲಾಂಟಿಕ್ ಕಾಲೇಜು ತೆರೆಯಿತು. ಶೀತಲ ಸಮರ ಕಾವೇರಿದ್ದ ಕಾಲ. ಎದುರಾಳಿ ದೇಶಗಳ ಹದಿಹರೆಯದವರು ಒಂದೇ ಸೂರಿನಡಿ ಎರಡು ವರ್ಷ ಬಾಳಿದರೆ ಮುಂದೆ ಯುದ್ಧಕ್ಕೆ ಮನಸ್ಸು ಬಾರದು ಎಂಬ ನಂಬಿಕೆ ಅದರ ಅಡಿಗಲ್ಲು. ಇದೇ ಬೆಳೆದು ಯುಡಬ್ಲ್ಯುಸಿ ಎಂಬ ಕಾಲೇಜುಗಳ ಬಳಗವಾಯಿತು. ಪುಣೆಯ ಹತ್ತಿರ ಮುಳಶಿ ಬೆಟ್ಟಗಳಲ್ಲಿ 1997ರಿಂದ ಇರುವ ಮಹೀಂದ್ರಾ ಕಾಲೇಜು ಈ ಬಳಗದ್ದು. ವರ್ಣಭೇದಕ್ಕೆ ಸಡ್ಡು ಹೊಡೆದು 1963ರಲ್ಲಿ ಆಗಿನ ಸ್ವಾಜಿಲ್ಯಾಂಡಿನಲ್ಲಿ ಆರಂಭವಾದ, ನೆಲ್ಸನ್ ಮಂಡೇಲಾ ಅವರ ಹೆಣ್ಣುಮಕ್ಕಳು ಕಲಿತ ವಾಟರ್‌ಫೋರ್ಡ್ ಶಾಲೆಯೂ ಇದರದೇ.

ಈ ಬಳಗದಲ್ಲಿ ಓದಿದವರಿಗೆ ಅಮೆರಿಕದ ಬಾಗಿಲು ತೆರೆದದ್ದು ಒಬ್ಬ ಹೂಡಿಕೆದಾರ. ಶೆಲ್ಬಿ ಡೇವಿಸ್ 2000ದಲ್ಲಿ ಒಂದು ನಿಧಿ ಸ್ಥಾಪಿಸಿದರು. ಮೊದಲು ಸೇರಿದವು ಪ್ರಿನ್ಸ್‌ಟನ್, ವೆಲ್ಸ್‌ಲಿ, ಮಿಡಲ್‌ಬರಿ, ಕೋಲ್ಬಿ ಮತ್ತು ಕಾಲೇಜ್ ಆಫ್ ದಿ ಅಟ್ಲಾಂಟಿಕ್ ಎಂಬ ಐದೇ ಸಂಸ್ಥೆಗಳು. ಈಗ ಅಂಥವು ನೂರರ ಆಸುಪಾಸು. ಯುಡಬ್ಲ್ಯುಸಿ ಮುಗಿಸಿದ ಬಡ ವಿದ್ಯಾರ್ಥಿಗೂ ಅಲ್ಲಿ ನೆರವು ಸಿಗುತ್ತದೆ. ಅಂತಾರಾಷ್ಟ್ರೀಯ ಶಾಲೆಯೆಂದರೆ ಶ್ರೀಮಂತರ ಸ್ವತ್ತು ಎನ್ನುವವರು ಈ ಒಂದು ದಾರಿಯನ್ನು ತಪ್ಪದೆ ತಿಳಿದಿರಬೇಕು. ಭಾರತದ ಮಕ್ಕಳನ್ನು ಆರಿಸಲು ಇಲ್ಲೇ ಒಂದು ರಾಷ್ಟ್ರೀಯ ಸಮಿತಿ ಇದೆ.

ನೆದರ್ಲೆಂಡ್ಸ್‌ನ ದೊರೆ ವಿಲ್ಲೆಮ್ ಅಲೆಕ್ಸಾಂಡರ್ ಅಟ್ಲಾಂಟಿಕ್ ಕಾಲೇಜಿನಲ್ಲಿ ಓದಿ ಮುಂದೆ ತಮ್ಮದೇ ದೇಶದ ಲೈಡನ್ ವಿಶ್ವವಿದ್ಯಾಲಯ ಸೇರಿದರು. ಸ್ಪೇನಿನ ರಾಜಕುಮಾರಿ ಲಿಯೊನೋರ್ 2023ರಲ್ಲಿ ಅಲ್ಲಿ ಓದು ಮುಗಿಸಿ ಹೋದದ್ದು ಯಾವ ವಿಶ್ವವಿದ್ಯಾಲಯಕ್ಕೂ ಅಲ್ಲ, ಜರಗೋಜಾದ ಸೇನಾ ಅಕಾಡೆಮಿಗೆ.

ನಮ್ಮ ಮೈಸೂರಿನ ಉದಾಹರಣೆಯೂ ಇದೆ. ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಬೆಂಗಳೂರಿನ ಕೆನೇಡಿಯನ್ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಓದಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಆವರಣದಲ್ಲಿ ಇಂಗ್ಲಿಷ್ ಮತ್ತು ಅರ್ಥಶಾಸ್ತ್ರದಲ್ಲಿ ಪದವಿ ಪಡೆದರು. ಅದೇ ಊರಿನಲ್ಲಿ ಆಮ್ಹರ್ಸ್ಟ್ ಕಾಲೇಜು ಎಂಬ ಬೇರೆಯೇ ಸಂಸ್ಥೆ ಇದೆ, 1821ರದ್ದು. ಮೊದಲನೆಯದು ಸರ್ಕಾರಿ, ಎರಡನೆಯದು ಖಾಸಗಿ. ಹೆಸರು ನೋಡಿ ಅರ್ಜಿ ಹಾಕುವವರು ಇಂಥಲ್ಲಿ ಎಡವುತ್ತಾರೆ.

ಹಿಂದಿನ ತಲೆಮಾರಿನ ದಾರಿ ಬೇರೆ. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಪದವಿ ಮುಗಿಸಿ, ಆಮೇಲೆ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದವರು. ಎಚ್. ನರಸಿಂಹಯ್ಯ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದದ್ದು 1960ರಲ್ಲಿ, ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಪಡೆದದ್ದು 1966ರಲ್ಲಿ. ಆ ತಲೆಮಾರು ಊರಿನ ಓದು ಪೂರ್ತಿ ಮಾಡಿಕೊಂಡೇ ಹಡಗು ಹತ್ತಿತು. ಈಗ ಹದಿನೆಂಟು ತುಂಬುವ ಮೊದಲೇ ದೇಶ ನಿರ್ಧಾರವಾಗುತ್ತದೆ. ಅದಕ್ಕೇ ಈ ಕೆಳಗಿನ ಸಂಗತಿಗಳನ್ನು ಮಗುವಿಗಿಂತ ಮೊದಲು ಮನೆಯ ಹಿರಿಯರು ತಿಳಿಯಬೇಕು.

ಬ್ರಿಟನ್: ಐದೇ ಅವಕಾಶ

ಬ್ರಿಟನ್ನಿನ ಬಹುತೇಕ ಎಲ್ಲ ವಿಶ್ವವಿದ್ಯಾಲಯಗಳಿಗೂ ಯುಕಾಸ್ ಎಂಬ ಒಂದೇ ಕೇಂದ್ರದ ಮೂಲಕ ಅರ್ಜಿ. ಆರಿಸಬಹುದಾದದ್ದು ಐದು. ವೈದ್ಯಕೀಯವಾದರೆ ನಾಲ್ಕು ಮಾತ್ರ, ಐದನೆಯದು ಬೇರೆ ವಿಷಯಕ್ಕಿರಬೇಕು. ಒಂದು ವಿಶ್ವವಿದ್ಯಾಲಯಕ್ಕೆ ನೀವು ಮತ್ತೆಲ್ಲಿ ಅರ್ಜಿ ಹಾಕಿದ್ದೀರಿ ಎಂಬುದು ಬಂದ ಸೀಟುಗಳಿಗೆ ನೀವು ಉತ್ತರ ಕೊಡುವ ತನಕ ಕಾಣುವುದಿಲ್ಲ.

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎರಡಕ್ಕೂ ಒಂದೇ ವರ್ಷ ಪದವಿಗೆ ಅರ್ಜಿ ಹಾಕುವಂತಿಲ್ಲ. ಚರ್ಚಿನ ಆರ್ಗನ್ ನುಡಿಸುವ ವಿದ್ಯಾರ್ಥಿವೇತನ ಬಯಸುವವರಿಗೆ ಮಾತ್ರ ವಿನಾಯಿತಿ! ಎರಡಕ್ಕೂ ಕೊನೆಯ ದಿನ ಅಕ್ಟೋಬರ್ 15, ಅಂದರೆ ಓದು ಶುರುವಾಗಲು ಸುಮಾರು ಒಂದು ವರ್ಷ ಮೊದಲು.

ಆ ಹೊತ್ತಿಗೆ ಮಗು ಕೊನೆಯ ಪರೀಕ್ಷೆ ಬರೆದೇ ಇರುವುದಿಲ್ಲ. ಹಾಗಿದ್ದರೆ ಯಾವ ಅಂಕ ನೋಡಿ ಸೀಟು ಕೊಡುತ್ತಾರೆ? ಮೇಷ್ಟ್ರು ಅಂದಾಜು ಮಾಡಿ ಕಳಿಸುವ ಅಂಕ. ಇದಕ್ಕೆ ‘ಪ್ರೆಡಿಕ್ಟೆಡ್ ಗ್ರೇಡ್’ ಎನ್ನುತ್ತಾರೆ. ಅದನ್ನು ನಂಬಿ ವಿಶ್ವವಿದ್ಯಾಲಯ ಷರತ್ತಿನ ಸೀಟು ಕೊಡುತ್ತದೆ: ‘ಇಷ್ಟು ಅಂಕ ತೆಗೆದರೆ ಸೀಟು ನಿನ್ನದು’. ವಿದ್ಯಾರ್ಥಿ ಒಂದನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದನ್ನು ಕೈಗಾವಲಿಗೆ ಇಟ್ಟುಕೊಳ್ಳಬಹುದು. ಐಬಿಯ ಮೇ ಪರೀಕ್ಷೆಯ ಫಲಿತಾಂಶ ಜುಲೈ ಮೊದಲ ವಾರ ಬರುತ್ತದೆ. ಒಂದೇ ಅಂಕ ಕಡಿಮೆಯಾಗಿ ಊರೇ ಬದಲಾದ ಮಕ್ಕಳಿದ್ದಾರೆ. 2020ರಲ್ಲಿ ಕೋವಿಡ್‌ನಿಂದ ಪರೀಕ್ಷೆಯೇ ರದ್ದಾಗಿ ಐಬಿ ಲೆಕ್ಕಾಚಾರದ ಸೂತ್ರದಿಂದ ಅಂಕ ಕೊಟ್ಟಾಗ ಜಗತ್ತಿನಾದ್ಯಂತ ಪೋಷಕರು ಪ್ರತಿಭಟಿಸಿದ್ದು ಇದೇ ಕಾರಣಕ್ಕೆ. ಆ ಕೋಪ ನ್ಯಾಯವಾದದ್ದೇ ಆಗಿತ್ತು.

ಇಂಗ್ಲೆಂಡಿನಲ್ಲಿ ಸಾಮಾನ್ಯ ಪದವಿ ಮೂರು ವರ್ಷ, ಅದೇ ಸ್ಕಾಟ್ಲೆಂಡಿನಲ್ಲಿ ನಾಲ್ಕು. ಶುಲ್ಕ ಲೆಕ್ಕ ಹಾಕುವಾಗ ಈ ಒಂದು ವರ್ಷ ಮರೆಯಬಾರದು.

ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೆ ಬ್ರಿಟನ್ನಿನಲ್ಲಿ ಸ್ಥಳೀಯರ ಶುಲ್ಕ ಎಂದು ನಂಬಿದವರು ಬಹಳ. ನಿಜವೇನೆಂದರೆ ಓದು ಆರಂಭವಾಗುವ ಮುಂಚಿನ ಮೂರು ವರ್ಷ ಅಲ್ಲಿ ನೆಲೆಸಿರಬೇಕು. ದುಬೈನಲ್ಲೋ ಸಿಂಗಪುರದಲ್ಲೋ ಬೆಳೆದ ಬ್ರಿಟಿಷ್ ಮಗು ವಿದೇಶಿಯರ ಶುಲ್ಕವನ್ನೇ ಕಟ್ಟಬೇಕಾಗಿ ಬರಬಹುದು. ತಾತ್ಕಾಲಿಕ ಕೆಲಸಕ್ಕೆ ಹೊರಹೋದ ಕುಟುಂಬ ಅದನ್ನು ದಾಖಲೆ ಸಮೇತ ತೋರಿಸಿದರೆ ವಿನಾಯಿತಿ ಸಿಗುವುದುಂಟು.

ಓದಿದ ಮೇಲೆ ಬ್ರಿಟನ್ನಿನಲ್ಲೇ ಉಳಿದು ಕೆಲಸ ಹುಡುಕುವ ವೀಸಾ 2021ರ ಜುಲೈಯಲ್ಲಿ ಬಂತು, ಎರಡು ವರ್ಷದ ಅವಧಿಗೆ. 2027ರ ಜನವರಿಯಿಂದ ಅರ್ಜಿ ಹಾಕುವ ಪದವೀಧರರಿಗೆ ಅದು 18 ತಿಂಗಳಿಗೆ ಇಳಿಯಲಿದೆ.

ಅಮೆರಿಕ: 650 ಪದಗಳಲ್ಲಿ ನೀನು ಯಾರು?

ಕಾಮನ್ ಆ್ಯಪ್ ಎಂಬ ಸಾಮಾನ್ಯ ಅರ್ಜಿಯನ್ನು 1975ರಲ್ಲಿ 15 ಕಾಲೇಜುಗಳು ಸೇರಿ ಆರಂಭಿಸಿದವು. ಈಗ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಅದನ್ನು ಒಪ್ಪುತ್ತವೆ. ಅದರ ಮುಖ್ಯ ಪ್ರಬಂಧ 650 ಪದ ಮೀರುವಂತಿಲ್ಲ. ಬ್ರಿಟನ್ ಕೇಳುವುದು ‘ಈ ವಿಷಯ ಓದಲು ನಿನಗೇಕೆ ಆಸೆ’ ಎಂದು. ಅಮೆರಿಕ ಕೇಳುವುದು ‘ನೀನು ಎಂಥ ಮನುಷ್ಯ’ ಎಂದು. ಒಂದಕ್ಕೆ ಬರೆದದ್ದನ್ನು ಇನ್ನೊಂದಕ್ಕೆ ಕಳಿಸಿದರೆ ಎರಡೂ ಕೆಟ್ಟಂತೆ.

‘ಅರ್ಲಿ ಡಿಸಿಷನ್’ ಎಂದು ನವೆಂಬರ್‌ನಲ್ಲಿ ಅರ್ಜಿ ಹಾಕುವ ಪದ್ಧತಿಯಿದೆ. ಅದು ಮಾತು ಕೊಟ್ಟಂತೆ. ಸೀಟು ಸಿಕ್ಕರೆ ಉಳಿದೆಲ್ಲ ಅರ್ಜಿ ಹಿಂತೆಗೆದು ಅಲ್ಲಿಗೇ ಸೇರಬೇಕು. ಸೀಟು ಸಿಕ್ಕಿತೆಂದು ಕೊನೆಯ ಸೆಮಿಸ್ಟರಿನಲ್ಲಿ ಓದು ಬಿಟ್ಟವರ ಸೀಟನ್ನು ವಾಪಸು ಪಡೆದದ್ದೂ ಉಂಟು.

‘ನೀಡ್ ಬ್ಲೈಂಡ್’ ಎಂಬ ಮಾತನ್ನು ಬರೆದಿಟ್ಟುಕೊಳ್ಳಿ. ಅರ್ಜಿದಾರ ಹಣದ ನೆರವು ಕೇಳಿದ್ದಾನೆಂಬ ಕಾರಣಕ್ಕೆ ಅವನ ಪ್ರವೇಶಕ್ಕೆ ಕುತ್ತು ಬಾರದು ಎಂದರ್ಥ. ವಿದೇಶಿ ವಿದ್ಯಾರ್ಥಿಗಳಿಗೂ ಈ ಮಾತು ಕೊಡುವ ಸಂಸ್ಥೆಗಳು ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಕಾಲೇಜು, 2022ರಿಂದ ಡಾರ್ಟ್‌ಮತ್ ಮತ್ತು ಬೊಡಿನ್, ಆಮೇಲೆ ಬ್ರೌನ್, ನಾಟರ್ ಡೇಮ್ ಮುಂತಾದವು. ಉಳಿದ ಬಹುಪಾಲು ಕಡೆ ನೆರವು ಕೇಳಿದರೆ ಪೈಪೋಟಿ ಬಿಗಿಯಾಗುತ್ತದೆ. ಹಾಗೆಂದು ನೆರವು ಬೇಡವೆಂದು ಬರೆದು ಆಮೇಲೆ ಕೇಳಿದರಾಯಿತು ಎಂದುಕೊಳ್ಳಬೇಡಿ. ವಿದೇಶಿ ವಿದ್ಯಾರ್ಥಿಗೆ ಆಮೇಲೆ ಸಿಗುವುದು ತೀರಾ ಕಷ್ಟ.

2023-24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರು 3,31,602. ಚೀನೀಯರು 2,77,398. ಹದಿನೈದು ವರ್ಷಗಳ ಬಳಿಕ ಭಾರತ ಮತ್ತೆ ಮೊದಲ ಸ್ಥಾನಕ್ಕೆ ಬಂತು. ಆದರೆ ಭಾರತೀಯರಲ್ಲಿ ಬಹುಪಾಲು ಹೋದದ್ದು ಸ್ನಾತಕೋತ್ತರ ಓದಿಗೆ. ಹದಿನೆಂಟಕ್ಕೇ ಹೋಗುವವರು ಇನ್ನೂ ಸಣ್ಣ ಗುಂಪು.

ಪಿಯುಸಿ ಮುಗಿಸಿ ಅಮೆರಿಕದಲ್ಲಿ ನೇರವಾಗಿ ಡಾಕ್ಟರ್ ಆಗಲು ಸಾಮಾನ್ಯವಾಗಿ ಸಾಧ್ಯವಿಲ್ಲ. ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ವೈದ್ಯಕೀಯ. ಕಾನೂನಿಗೂ ಪದವಿ ಮೊದಲು.

ಯಾವ ದೇಶದಲ್ಲೇ ವೈದ್ಯಕೀಯ ಓದಿ ಭಾರತಕ್ಕೆ ಮರಳಬೇಕೆಂದಿದ್ದರೂ ಹೊರಡುವ ಮುನ್ನ ನೀಟ್ ಪಾಸಾಗಿರಲೇಬೇಕು. ಈ ನಿಯಮ 2018ರಿಂದ ಇದೆ. 2021ರ ನಿಯಮದಂತೆ ಕೋರ್ಸ್ ಕನಿಷ್ಠ 54 ತಿಂಗಳಿನದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಮುಗಿಯಬೇಕು. ಏಜೆಂಟರ ಬಣ್ಣದ ಕರಪತ್ರದಲ್ಲಿ ಈ ಮೂರು ಸಾಲು ಹುಡುಕಿ. ಸಿಗದಿದ್ದರೆ ಹಣ ಕಟ್ಟಬೇಡಿ.

ಜರ್ಮನಿ: ಶುಲ್ಕವಿಲ್ಲ, ನಿಯಮ ಉಂಟು

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ಬಹುಮಟ್ಟಿಗೆ ನಿಜ, ಪೂರ್ತಿ ಅಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೊ ವಿಧಿಸುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಹೊಸಬರಿಗೆ ಶುಲ್ಕ ಹಾಕಿದೆ. ಶುಲ್ಕವಿಲ್ಲದ ಕಡೆಯೂ ಒಂದು ವರ್ಷದ ಜೀವನ ವೆಚ್ಚವೆಂದು 11,904 ಯೂರೊ ಖಾತೆಯಲ್ಲಿಟ್ಟು ತೋರಿಸಬೇಕು. ತಿಂಗಳಿಗೆ 992 ಯೂರೊ ಮಾತ್ರ ಅದರಿಂದ ತೆಗೆಯಬಹುದು.

ಬಹಳ ಜನಕ್ಕೆ ತಿಳಿಯದ ಸಂಗತಿ ಇನ್ನೊಂದಿದೆ. ನಮ್ಮ ಹನ್ನೆರಡನೇ ತರಗತಿ ಅಥವಾ ದ್ವಿತೀಯ ಪಿಯುಸಿ ಒಂದರ ಮೇಲೇ ಜರ್ಮನಿಯಲ್ಲಿ ನೇರ ಪ್ರವೇಶ ಸಿಗದು. ಇಲ್ಲಿನ ಮಾನ್ಯ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಓದಿ ಪಾಸಾಗಿರಬೇಕು, ಇಲ್ಲವೇ ಜೆಇಇ ಅಡ್ವಾನ್ಸ್ಡ್ ಗೆದ್ದಿರಬೇಕು, ಅದೂ ಇಲ್ಲವಾದರೆ ಅಲ್ಲಿನ ‘ಸ್ಟುಡಿಯನ್‌ಕೊಲೆಗ್’ ಎಂಬ ಪೂರ್ವಸಿದ್ಧತಾ ತರಗತಿಯಲ್ಲಿ ಒಂದು ವರ್ಷ ಕಳೆಯಬೇಕು. ಸರಿಯಾದ ವಿಷಯಗಳಿರುವ ಐಬಿ ಡಿಪ್ಲೊಮಾ ಇದ್ದವರು ಇದ್ಯಾವುದೂ ಇಲ್ಲದೆ ನೇರ ಒಳಗೆ.

‘ಸರಿಯಾದ ವಿಷಯ’ ಎಂಬಲ್ಲೇ ಪೆಟ್ಟು ಬೀಳುವುದು. ಐಬಿ 2019ರಲ್ಲಿ ಗಣಿತವನ್ನು ಎರಡು ದಾರಿ ಮಾಡಿತು. ಒಂದು ‘ಅನಾಲಿಸಿಸ್’, ಬೀಜಗಣಿತ ಮತ್ತು ಕಲನಶಾಸ್ತ್ರದ ಆಳದ್ದು. ಇನ್ನೊಂದು ‘ಅಪ್ಲಿಕೇಶನ್ಸ್’, ಬಳಕೆ ಮತ್ತು ಸಂಖ್ಯಾಶಾಸ್ತ್ರದ್ದು. ಎರಡಕ್ಕೂ ಮೇಲ್ಹಂತ, ಕೆಳಹಂತ ಉಂಟು. ಕೇಂಬ್ರಿಜ್ ಎಂಜಿನಿಯರಿಂಗ್‌ಗೆ ಮೊದಲನೆಯದೇ ಬೇಕು, ಅದೂ ಮೇಲ್ಹಂತದಲ್ಲಿ. ಎರಡನೆಯದನ್ನು ಕೆಳಹಂತದಲ್ಲಿ ಓದಿದವರಿಗೆ ಜರ್ಮನಿಯಲ್ಲಿ ತೊಡಕು. ಹತ್ತನೇ ತರಗತಿ ಮುಗಿಸಿದ ಮಗು ‘ಇದು ಸುಲಭ’ ಎಂದು ಗುರುತು ಹಾಕಿದ ಒಂದು ಚೌಕ, ಎರಡು ವರ್ಷದ ನಂತರ ಎರಡು ದೇಶಗಳ ಬಾಗಿಲು ಮುಚ್ಚಬಹುದು. ಆಗ ಎಷ್ಟೇ ಅಂಕ ಬಂದರೂ ತೆರೆಯದು.

ಹೊಸ ಲೆಕ್ಕಗಳು

ಉತ್ತರ ಯುರೋಪಿನಲ್ಲಿ ಉಚಿತ ಓದು ಒಂದೊಂದಾಗಿ ಮುಗಿಯಿತು. ಐರೋಪ್ಯರಲ್ಲದವರಿಗೆ ಡೆನ್ಮಾರ್ಕ್ 2006ರಲ್ಲಿ, ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ, ನಾರ್ವೆ 2023ರಲ್ಲಿ ಶುಲ್ಕ ತಂದವು.

ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯ 2025ರ ಶರತ್ಕಾಲದಿಂದ ಹೊಸ ವಿದೇಶಿ ವಿದ್ಯಾರ್ಥಿಗಳ ಶುಲ್ಕವನ್ನು ಮೂರು ಪಟ್ಟು ಮಾಡಿತು: ಸೆಮಿಸ್ಟರಿಗೆ 730 ಫ್ರಾಂಕ್ ಇದ್ದದ್ದು 2190. ಹಾಗಿದ್ದೂ ಅಮೆರಿಕದ ಖಾಸಗಿ ಕಾಲೇಜಿನ ಮುಂದೆ ಅದು ಬಹಳ ಅಗ್ಗ.

ನೆದರ್ಲೆಂಡ್ಸ್‌ನಲ್ಲಿ ಸೀಟು ಸಿಗುವುದು ಅಷ್ಟು ಕಷ್ಟವಲ್ಲ, ಉಳಿಸಿಕೊಳ್ಳುವುದೇ ಕಷ್ಟ. ಮೊದಲ ವರ್ಷದಲ್ಲಿ ನಿಗದಿತ ಕ್ರೆಡಿಟ್ ಗಳಿಸದಿದ್ದರೆ ಆ ಕೋರ್ಸ್ ಬಿಟ್ಟು ಹೊರಡಬೇಕು.

ಸಿಂಗಪುರದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದೇಶಿಯರಿಗೂ ಶುಲ್ಕದಲ್ಲಿ ಸರ್ಕಾರಿ ಸಹಾಯಧನ ಸಿಗುತ್ತದೆ. ಬದಲಿಗೆ ಪದವಿಯ ನಂತರ ಮೂರು ವರ್ಷ ಸಿಂಗಪುರದ ಸಂಸ್ಥೆಯಲ್ಲಿ ದುಡಿಯುವ ಕರಾರು. ಅಲ್ಲಿನ ಯೇಲ್-ಎನ್‌ಯುಎಸ್ ಕಾಲೇಜು 2013ರಲ್ಲಿ ಪಾಠ ಆರಂಭಿಸಿ 2025ರಲ್ಲಿ ಮುಚ್ಚಿತು. ದೊಡ್ಡ ಹೆಸರುಗಳೂ ಬಾಗಿಲು ಹಾಕುತ್ತವೆ.

ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾ ಶುಲ್ಕ 2024ರ ಜುಲೈಯಲ್ಲಿ 710 ಡಾಲರಿನಿಂದ 1600ಕ್ಕೆ, ಮರುವರ್ಷ 2000ಕ್ಕೆ ಏರಿತು. ಅಲ್ಲಿ ವರ್ಷ ಆರಂಭವಾಗುವುದು ಫೆಬ್ರುವರಿ-ಮಾರ್ಚ್‌ನಲ್ಲಿ. ಐಬಿ ನವೆಂಬರ್‌ನಲ್ಲೂ ಪರೀಕ್ಷೆ ನಡೆಸುವುದು ದಕ್ಷಿಣಾರ್ಧಗೋಳದ ಈ ಪಂಚಾಂಗಕ್ಕಾಗಿ. ಜಪಾನಿನಲ್ಲಿ ವರ್ಷ ತೆರೆಯುವುದು ಏಪ್ರಿಲ್‌ನಲ್ಲಿ.

ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹೇರಿತು. ಅಲ್ಲಿನ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಒಂದು ಅವಧಿ ಪಾಠ, ಒಂದು ಅವಧಿ ಸಂಬಳದ ಕೆಲಸ ಎಂಬ ಪದ್ಧತಿ 1957ರಿಂದ ನಡೆದುಬಂದಿದೆ.

ಕೊಲ್ಲಿಯಿಂದ ಸುರತ್ಕಲ್‌ಗೆ

ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಮಕ್ಕಳು ಬೆಳೆದದ್ದು ಕೊಲ್ಲಿ ದೇಶಗಳಲ್ಲಿ. ಅವರು ಅಮೆರಿಕದ ಪದವಿಗೆ ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಕತಾರಿನ ಎಜುಕೇಶನ್ ಸಿಟಿಯಲ್ಲಿ ಕಾರ್ನೆಗಿ ಮೆಲನ್ ಮತ್ತು ಜಾರ್ಜ್‌ಟೌನ್, ಅಬುಧಾಬಿಯಲ್ಲಿ 2010ರಿಂದ ನ್ಯೂಯಾರ್ಕ್ ವಿಶ್ವವಿದ್ಯಾಲಯ ಇವೆ. ನಮ್ಮ ಮಣಿಪಾಲವೂ 2000ದಿಂದ ದುಬೈನಲ್ಲಿ ಆವರಣ ನಡೆಸುತ್ತಿದೆ, ಅದಕ್ಕೂ ಮೊದಲು 1997ರಲ್ಲಿ ಮಲೇಷ್ಯಾದ ಮಲಾಕ್ಕಾದಲ್ಲಿ ವೈದ್ಯಕೀಯ ಕಾಲೇಜು ತೆರೆದಿತ್ತು.

ಊರಿಗೇ ಮರಳಿ ಓದಬೇಕೆಂದರೆ ‘ಡಾಸಾ’ ಎಂಬ ದಾರಿ ಇದೆ. ವಿದೇಶದಲ್ಲಿ ಓದಿದ ಮಕ್ಕಳಿಗೆ ಸುರತ್ಕಲ್ಲಿನ ಎನ್‌ಐಟಿಕೆ ಸೇರಿದಂತೆ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಗಳಲ್ಲಿ ಮೀಸಲಿಟ್ಟ ಸೀಟುಗಳು. ಮೊದಲು ಅಮೆರಿಕದ ಎಸ್ಎಟಿ ಅಂಕ ನೋಡುತ್ತಿದ್ದರು, 2021ರಿಂದ ಜೆಇಇ ಮೇನ್ ಬೇಕು. ಕೊಲ್ಲಿಯಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಇದರಲ್ಲೇ ಪ್ರತ್ಯೇಕ ವರ್ಗವಿದ್ದು, ಅದರ ಶುಲ್ಕ ಉಳಿದವರಿಗಿಂತ ಕಡಿಮೆ. ಅರ್ಹರಾಗಿದ್ದೂ ತಿಳಿಯದೆ ಪೂರ್ತಿ ಶುಲ್ಕದ ಕಡೆಗೆ ಹೋಗುವುದು ಬೇಡ.

ವಿದೇಶಿ ವಿಶ್ವವಿದ್ಯಾಲಯಗಳೇ ಈಗ ಇತ್ತ ಬರುತ್ತಿವೆ. ಯುಜಿಸಿ 2023ರಲ್ಲಿ ನಿಯಮ ರೂಪಿಸಿತು. ಸೌತಾಂಪ್ಟನ್ ವಿಶ್ವವಿದ್ಯಾಲಯ 2025ರಲ್ಲಿ ಗುರುಗ್ರಾಮದಲ್ಲಿ ಪಾಠ ಆರಂಭಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಆವರಣ ತೆರೆಯಲು ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಅನುಮತಿ ಪತ್ರ ಸಿಕ್ಕಿತು.

ದೇಶಾಂತರದಲ್ಲಿ ಬೆಳೆದ ಮಕ್ಕಳಿಗೆ ‘ಥರ್ಡ್ ಕಲ್ಚರ್ ಕಿಡ್ಸ್’ ಎಂಬ ಹೆಸರಿದೆ. ಅಪ್ಪ ಅಮ್ಮನ ಸಂಸ್ಕೃತಿ ಒಂದು, ಬೆಳೆದ ನಾಡಿನದು ಇನ್ನೊಂದು, ಎರಡರ ನಡುವೆ ಅವರೇ ಕಟ್ಟಿಕೊಂಡದ್ದು ಮೂರನೆಯದು. ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ ಈ ಮಾತಿಗೆ ಬಂದದ್ದು 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ ಕುಟುಂಬಗಳನ್ನು ಅಧ್ಯಯನ ಮಾಡುವಾಗ. ‘ನಿನ್ನ ಊರು ಯಾವುದು’ ಎಂದರೆ ತಡವರಿಸುವ ಮಗುವಿಗೆ ವಿಶ್ವವಿದ್ಯಾಲಯದ ಆಯ್ಕೆ ಊರಿನ ಆಯ್ಕೆಯೂ ಹೌದು.

ಐಬಿಯಲ್ಲಿ ಮಾತೃಭಾಷೆಯ ಸಾಹಿತ್ಯವನ್ನು, ಶಾಲೆಯಲ್ಲಿ ಅದರ ಮೇಷ್ಟ್ರು ಇಲ್ಲದಿದ್ದರೂ, ಶಾಲೆಯ ಬೆಂಬಲದೊಂದಿಗೆ ಸ್ವಂತವಾಗಿ ಓದಿ ಪರೀಕ್ಷೆ ಬರೆಯುವ ಅವಕಾಶವಿದೆ. ಅದಕ್ಕೆ ಸಾಕಷ್ಟು ಮುಂಚೆಯೇ ಶಾಲೆ ಐಬಿಯನ್ನು ಕೇಳಬೇಕಾಗಬಹುದು. ದುಬೈಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಶಾಲೆಯ ಸಂಯೋಜಕರನ್ನು ಕನ್ನಡದ ಬಗ್ಗೆ ಒಮ್ಮೆ ಕೇಳಿ. ಕೇಳುವವರಿದ್ದರೆ ತಾನೇ ಭಾಷೆ ಪಟ್ಟಿಯಲ್ಲಿ ಉಳಿಯುವುದು.

ವಿದೇಶಕ್ಕೆ ಕಳಿಸಬಹುದಾದ ಹಣಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ ಒಬ್ಬರಿಗೆ ಹಣಕಾಸು ವರ್ಷಕ್ಕೆ 2,50,000 ಡಾಲರ್. ಅಂಕಪಟ್ಟಿಗೆ ವಿದೇಶದಲ್ಲಿ ಮಾನ್ಯತೆ ಕೊಡುವ ಅಪೊಸ್ಟಿಲ್ ಮುದ್ರೆ 1961ರ ಹೇಗ್ ಒಪ್ಪಂದದ್ದು, ಭಾರತದಲ್ಲಿ ಅದು ಜಾರಿಗೆ ಬಂದದ್ದು 2005ರಲ್ಲಿ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ಕರ್ನಾಟಕ ಸರ್ಕಾರದ ‘ಪ್ರಬುದ್ಧ’ ಯೋಜನೆ ಇದೆ. ಈ ಹೆಸರನ್ನು ನಾಲ್ಕು ಜನರಿಗೆ ಹೇಳಿ.

ನಿಮ್ಮ ಮನೆಯಲ್ಲಿ ಹತ್ತನೇ ತರಗತಿಯ ಮಗುವಿದ್ದರೆ, ವಿಷಯ ಆಯ್ಕೆಯ ಹಾಳೆಗೆ ಸಹಿ ಹಾಕುವ ಮುನ್ನ ಒಂದು ಸಂಜೆ ಜೊತೆಗೆ ಕುಳಿತು ಮೂರು ದೇಶಗಳ ಮೂರು ವಿಶ್ವವಿದ್ಯಾಲಯಗಳ ಪ್ರವೇಶ ನಿಯಮಗಳನ್ನು ಅವುಗಳದೇ ಜಾಲತಾಣದಲ್ಲಿ ಓದಿ. ಗಣಿತದ ಸಾಲನ್ನು ಎರಡು ಸಲ ಓದಿ.